ನ್ಯಾ ಸುನಿಲ್ದಾ ಕಾಯ್ದ ಲ್ಯಾಪ್‌ಟಾಪು

ಊರೆಲ್ಲ ಮರ್ಯಾದೆಗೆ ನ್ಯಾ ಎಂದು ಕರೆಯುವ ಸುನಿಲ್ದಾಳ ಬಾಯಿಂದ ಗುಟ್ಟು ಹೊರಡಿಸುವುದು ಈ ವಿಯಾರಿಕಾ ಊರಿನಲ್ಲಿ ಯಾರಿಂದಲೂ ಆಗಿಲ್ಲ. ಕಟ್ಟಿಕೊಂಡ ಗಂಡನಿಂದ ಆಗಲಿಲ್ಲ, ಇಗರ್ಜಿಯ ಪಾದ್ರಿಯಿಂದ ಆಗಲಿಲ್ಲ, ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಅವಳ ಜೊತೆ ಹೆಣಗಿದ ನನ್ನಿಂದಂತೂ ಆಗಲೇ ಇಲ್ಲ. ಅದರ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಅವಳ ಕಥೆಯನ್ನು ನಾನೇ ಹೇಳಬೇಕು. ಬೇರೆಯವರು ಹೇಳಿದರೆ ಹೊಗಳಿ ಅಟ್ಟಕ್ಕೇರಿಸಿಬಿಡುತ್ತಾರೆ, ಅವಳಿಗೆ ಅದು ಸೇರುವುದಿಲ್ಲ.

ನಾನು ಲಿಬ್ರಾದಾ, ನಾವಿಬ್ಬರೂ ದುಡಿಯುವ ಮನೆಯ ಅಡುಗೆಯವಳು. ಆ ಮನೆಗೆ ಬೋರ್ಡಿಲ್ಲ. ಗಂಡನ ಏಟು ತಾಳಲಾರದೆ ಮಕ್ಕಳನ್ನು ಎಳೆದುಕೊಂಡು ಓಡಿಬಂದ ಹೆಂಗಸರಿಗೆ ಅಲ್ಲಿ ಮೊದಲು ಒಂದು ತಟ್ಟೆ ಊಟ, ಆಮೇಲೆ ದೂರದಲ್ಲೆಲ್ಲೋ ಅಡಗಿಕೊಳ್ಳಲು ಒಂದು ಜಾಗ, ಅದಾದ ಮೇಲೆ ಕೋರ್ಟು ಕಚೇರಿ. ನಡೆಸುವವರು ವಕೀಲೆ ಪೆರ್ಲಾ, ಕಾಗದಪತ್ರ ನೋಡಿಕೊಳ್ಳುವವಳು ಸುನಿಲ್ದಾ. ಯಾವ ಹೆಂಗಸನ್ನು ಯಾವ ಹಳ್ಳಿಯ ಯಾರ ಮನೆಯಲ್ಲಿ ಇಟ್ಟಿದ್ದೇವೆ, ಅವಳ ಗಂಡ ಯಾರು, ಅವಳು ಏನೇನು ಹೇಳಿದಳು, ಎಲ್ಲವೂ ಸುನಿಲ್ದಾಳ ಲ್ಯಾಪ್‌ಟಾಪಿನಲ್ಲಿ ಇರುತ್ತಿತ್ತು. ಅದು ಸಲ್ಲದವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸುನಿಲ್ದಾ ಮೊದಲು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳು. ಸರ್ವಾಧಿಕಾರಿಯ ಕಾಲದ ಕೊನೆಯ ವರ್ಷಗಳು ಅವು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಇವರ ತಂತಿ ಅವರಿಗೆ, ಅವರದ್ದು ಇವರಿಗೆ ಜೋಡಿಸುವ ಕೆಲಸ. ಊರಿನ ಮಾತೆಲ್ಲ ಅವಳ ಕಿವಿಯ ಮೇಲೇ ಹಾದು ಹೋಗಬೇಕು. ಆಗ ಊರು ತುಂಬ ಕೂದಲುಪಾದದವರು. ಸರ್ಕಾರಕ್ಕೆ ಚಾಡಿ ಹೇಳುವ ಗೂಢಚಾರರನ್ನು ನಾವು ಹಾಗೆ ಕರೆಯುತ್ತಿದ್ದೆವು, ಹೆಜ್ಜೆ ಸದ್ದೇ ಆಗದಂತೆ ಅಂಗಾಲಲ್ಲಿ ಕೂದಲು ಬೆಳೆದವರು ಎಂದು. ಅವರಲ್ಲೊಬ್ಬ ಎಕ್ಸ್‌ಚೇಂಜಿಗೆ ಬಂದು, ಊರಿನ ಶಾಲೆಯ ಮೇಷ್ಟರು ಯಾರ ಹತ್ತಿರ ಏನು ಮಾತಾಡುತ್ತಾರೆ ಹೇಳು ಎಂದು ಕೂತನಂತೆ. ಇವಳು, ನನಗೆ ಎಡಗಿವಿ ಕೇಳಿಸುವುದಿಲ್ಲ ಸಾಹೇಬರೇ, ಬಲಗಿವಿಗೆ ಗಂಟೆಯ ಶಬ್ದ ಮಾತ್ರ ಕೇಳಿಸುತ್ತದೆ ಎಂದುಬಿಟ್ಟಳು. ಅವನು ಹೋಗುವವರೆಗೆ ಅವನು ಕೇಳಿದ್ದಕ್ಕೆಲ್ಲ "ಆಂ?" ಎನ್ನುತ್ತಲೇ ಇದ್ದಳಂತೆ. ಕೆಲಸ ಬಿಡುವ ತನಕ ಅರೆಕಿವುಡಿಯ ವೇಷ ಹಾಕಿಯೇ ಇದ್ದಳು. ಮೇಷ್ಟರು ಜೈಲು ಸೇರದೆ, ಮುದುಕರಾಗಿ ತಮ್ಮ ಹಾಸಿಗೆಯಲ್ಲೇ ಸತ್ತರು.

ಇದನ್ನು ಅವಳು ನನಗೆ ಹೇಳಿದ್ದಲ್ಲ. ಮೇಷ್ಟರ ಮಗಳು ಹೇಳಿದ್ದು.

ಲ್ಯಾಪ್‌ಟಾಪಿಗೆ ಮೊದಲು ಇದ್ದ ಪಾಸ್‌ವರ್ಡು ನಾವೆಲ್ಲ ಹರಕೆ ಹೊರುವ ಕಾಕುಪೆ ಇಗರ್ಜಿಯ ತಾಯಿಯ ಹೆಸರು. ಈ ದೇಶದ ಅರ್ಧ ಕಂಪ್ಯೂಟರುಗಳ ಬೀಗ ಆ ತಾಯಿಯ ಹೆಸರಿನಲ್ಲೇ ಇರಬೇಕು. ಅದು ಮನೆಯವರಿಗೆಲ್ಲ ಗೊತ್ತಿತ್ತು, ಅಂಗಳದ ಹುಲ್ಲು ಕೊಯ್ಯಲು ಬರುವವನಿಗೂ ಗೊತ್ತಿತ್ತು. ನಮ್ಮ ಕಡೆ ಎಲ್ಲಕ್ಕೂ ತೆರೆರೆಯ ಲೆಕ್ಕವೇ. ಒಂದು ಕೊಂಬಿನ ಲೋಟ, ಅದರ ತುಂಬ ಯೆರ್ಬಾ ಸೊಪ್ಪು, ಮೇಲೆ ಐಸಿನ ನೀರು, ಒಂದೇ ಕೊಳವೆ. ಕೂತವರೆಲ್ಲ ಸರದಿಯ ಮೇಲೆ ಅದೇ ಕೊಳವೆಗೆ ಬಾಯಿ ಹಚ್ಚಬೇಕು. ನನಗೆ ಬೇರೆ ಲೋಟ ಕೊಡಿ ಎಂದವನನ್ನು ರೋಗಿಷ್ಠ ಎನ್ನುತ್ತಾರೆ, ಇಲ್ಲವೇ ಜಂಬಗಾರ ಎನ್ನುತ್ತಾರೆ. ಹೀಗೆ ಎಂಜಲು ಹಂಚಿಕೊಂಡ ಮೇಲೆ ಪಾಸ್‌ವರ್ಡು ಯಾವ ಮಹಾ ಎಂದುಕೊಂಡಿದ್ದೆವು.

ಆಮೇಲೆ ರಾಜಧಾನಿ ಅಸುನ್ಸಿಯೋನ್ ನಗರದಿಂದ ಗ್ರಿಸೆಲ್ದಾ ಎಂಬಾಕೆ ನಮಗೆ ಪಾಠ ಹೇಳಲು ಬಂದಳು. ಒಳ್ಳೆಯ ಹೆಂಗಸು, ನನ್ನ ಮೆಕ್ಕೆಜೋಳದ ಸೋಪಾ ರೊಟ್ಟಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಕಳ್ಳತನ ಆದರೆ ಎನ್ನಬೇಡಿ, ಆಗಿಯೇ ಆಗುತ್ತದೆ ಎಂದುಕೊಂಡು ಇವತ್ತೇ ತಯಾರಾಗಿ ಎಂದಳು. ಬರಿಯ ಪಾಸ್‌ವರ್ಡು ಹೊರಬಾಗಿಲ ಚಿಲಕವಿದ್ದ ಹಾಗೆ. ಕಳ್ಳ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೆ ಎಲ್ಲವನ್ನೂ ಓದಿಕೊಳ್ಳುತ್ತಾನೆ. ಅದಕ್ಕೆ ಇಡೀ ಡಿಸ್ಕನ್ನೇ ಬೀಗದೊಳಗೆ ಹಾಕಬೇಕು. ಬೀಗದ ಮಾತು ಉದ್ದವಾಗಿರಬೇಕು, ತಲೆಯಲ್ಲಿ ಮಾತ್ರ ಇರಬೇಕು. ಅದು ಗೊತ್ತಿಲ್ಲದವನಿಗೆ ಒಳಗಿರುವುದೆಲ್ಲ ಕಲಸುಮೇಲೋಗರ. ಹೊರಗೆ ಒಯ್ಯುವಾಗ ಮುಚ್ಚಳ ಮುಚ್ಚಿದರೆ ಸಾಲದು, ಯಂತ್ರವನ್ನು ಪೂರ್ತಿ ಆರಿಸಬೇಕು. ಇನ್ನೊಂದು ಪ್ರತಿ ಮಾಡಿ, ಅದಕ್ಕೂ ಬೀಗ ಹಾಕಿ, ಬೇರೆ ಮನೆಯಲ್ಲಿ ಇಡಬೇಕು. ಮತ್ತೊಂದು ಮಾತನ್ನು ಆಕೆ ಒತ್ತಿ ಒತ್ತಿ ಹೇಳಿದಳು. ಒಮ್ಮೆ ಬೇರೆಯವರ ಕೈಗೆ ಹೋಗಿ ಬಂದ ಯಂತ್ರಕ್ಕೆ ನಿಮ್ಮ ಬೀಗದ ಮಾತನ್ನು ಟೈಪು ಹೊಡೆಯಲೇಬೇಡಿ, ನೀವು ಹೊಡೆದದ್ದನ್ನು ಕದ್ದು ಕಳಿಸುವ ಏನನ್ನಾದರೂ ಅವರು ಒಳಗೆ ಕೂರಿಸಿರಬಹುದು ಎಂದು.

ನಾವು ತಲೆಯಾಡಿಸಿದೆವು. ಸುನಿಲ್ದಾ ಮಾತ್ರ ಎಲ್ಲವನ್ನೂ ಮಾಡಿದಳು. ಬೀಗದ ಮಾತು ಅವಳಿಗೆ ಮತ್ತು ಪೆರ್ಲಾ ಅವರಿಗೆ ಬಿಟ್ಟರೆ ಮೂರನೆಯವರಿಗೆ ಇಲ್ಲ. ಯಂತ್ರದ ಮೇಲೆ ಹೆಸರಿಲ್ಲ, ವಿಳಾಸವಿಲ್ಲ, ಒಂದು ಸಂತರ ಚಿತ್ರವೂ ಇಲ್ಲ. ನಾನು ಆ ಲ್ಯಾಪ್‌ಟಾಪನ್ನು ಹೊತ್ತಿಸಲೂ ತಿಳಿಯದವಳು, ಆದರೂ ನನಗೆ ಮೈ ಉರಿಯಿತು. ತೆರೆರೆಗೆ ಕೂತಾಗ ಎಲ್ಲರೆದುರಿಗೇ ಕೇಳಿದೆ.

"ನನ್ನ ಎಂಜಲು ಕುಡೀತೀಯ, ನನ್ನ ಮೇಲೆ ನಂಬಿಕೆ ಮಾತ್ರ ಇಲ್ವೇನೇ?"

"ನಂಬಿಕೆ ಇದೆ ಕಣೇ," ಎಂದಳು. "ನಾಳೆ ಯಾರಾದ್ರೂ ನಿನ್ನ ಕುತ್ತಿಗೆ ಹಿಡಿದು ಕೇಳಿದ್ರೆ, ನನಗೆ ಗೊತ್ತಿಲ್ಲ ಅಂತ ನೀನು ನಿಜವಾಗ್ಲೂ ಹೇಳಬಹುದು. ಅಷ್ಟು ಸಾಕು ನನಗೆ."

ನಾನು ಮೂತಿ ಊದಿಸಿಕೊಂಡು ಒಳಗೆ ಹೋದೆ. ವಾರವಿಡೀ ಅವಳ ತಟ್ಟೆಗೆ ಸುಟ್ಟ ಚಿಪಾ ರೊಟ್ಟಿಯನ್ನೇ ಹಾಕಿದೆ. ಅವಳು ಕಮಕ್ ಕಿಮಕ್ ಎನ್ನದೆ ತಿಂದಳು.

ಇನ್ನು ನಿಮಿಯಾಳ ವಿಷಯ. ಅವಳ ಗಂಡ ದೆರ್ಲಿಸ್, ದನ ಸಾಗಿಸುವ ಲಾರಿಗಳ ಯಜಮಾನ. ಅವನ ಮನೆಯ ಬಾಡೂಟಕ್ಕೆ ಹೋಗಿ ಬರುವ ಖಾಕಿಯವರು ಒಬ್ಬಿಬ್ಬರಲ್ಲ. ನಿಮಿಯಾ ಎರಡು ಹೆಣ್ಣುಮಕ್ಕಳ ಜೊತೆ ಬರಿಗಾಲಲ್ಲಿ ನಮ್ಮ ಬಾಗಿಲಿಗೆ ಬಂದಿದ್ದಳು. ಅವಳನ್ನು ದೂರದ ಹಳ್ಳಿಯಲ್ಲಿ, ಹಾಲೊಡೆಸಿ ಗಿಣ್ಣು ಮಾಡಿ ಮಾರುವ ಒಬ್ಬ ವಿಧವೆಯ ಮನೆಯಲ್ಲಿ ಇಟ್ಟಿದ್ದೆವು. ದೆರ್ಲಿಸ್, ಮಕ್ಕಳು ತನಗೆ ಬೇಕೆಂದು ಕೋರ್ಟಿಗೆ ಹೋಗಿದ್ದ. ಅವನ ಎದುರು ನಿಂತು ಬಾಯಿ ಬಿಡಲು ಇವಳಿಂದ ಆಗುವುದಿಲ್ಲ ಎಂದು ಪೆರ್ಲಾ ಅವರು ನ್ಯಾಯಾಧೀಶರನ್ನು ಒಪ್ಪಿಸಿ, ಅವಳ ಹೇಳಿಕೆಯನ್ನು ಅವಳದೇ ಮಾತಿನಲ್ಲಿ ಮೊದಲೇ ಬರೆದು ದಾಖಲಿಸಿ ತರುತ್ತೇವೆ ಎಂದಿದ್ದರು. ಹೇಳಿಕೆ ಇಲ್ಲದಿದ್ದರೆ ಮಕ್ಕಳು ಅವನ ಪಾಲು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಸುನಿಲ್ದಾ ಆ ಹಳ್ಳಿಗೆ ಹೋಗಿ ಹೇಳಿಕೆಯನ್ನು ತೆಗೆದುಕೊಂಡಳು. ಗೋಡೆಯ ಕಡೆ ಮುಖ ಮಾಡಿ ಕೂತು, ಪಿಸುದನಿಯಲ್ಲಿ ನಿಮಿಯಾ ಹೇಳಿದಳಂತೆ. ಮುಗಿದ ಮೇಲೆ ವಾಂತಿ ಮಾಡಿಕೊಂಡಳಂತೆ. ಇನ್ನೊಂದು ಸಲ ನನ್ನನ್ನು ಕೇಳಬೇಡಿ ಎಂದಳಂತೆ.

ಮರುದಿನ ಬೆಳಗ್ಗೆ ಊರಿಗೆ ಬಂದಿಳಿದ ಸುನಿಲ್ದಾ ಬಸ್ ನಿಲ್ದಾಣದಲ್ಲಿ ಲ್ಯಾಪ್‌ಟಾಪನ್ನೇ ಕಳೆದುಕೊಂಡಳು. ಹೇಗೆ ಅಂತೀರಿ? ಲ್ಯಾಪ್‌ಟಾಪನ್ನು ಆರಿಸಿ, ಬಟ್ಟೆಯ ಚೀಲದ ತಳದಲ್ಲಿ ಇಟ್ಟು, ಮೇಲೆ ಮರಗೆಣಸು ತುಂಬಿ, ಕಂಕುಳಲ್ಲಿ ಅವುಚಿಕೊಂಡಿದ್ದಳು. ಫೆಬ್ರವರಿಯ ಕಡುಬೇಸಿಗೆಯ ಬಿಸಿಲು ಬೇರೆ. ಬಸುರಿ ಹೆಂಗಸೊಬ್ಬಳು ಬಂದು, ತಲೆ ಸುತ್ತುತ್ತಿದೆ, ಒಂದು ಗುಟುಕು ತೆರೆರೆ ಕೊಡ್ತೀರಾ ಎಂದಳು. ಕೇಳಿದವರಿಗೆ ತೆರೆರೆ ಇಲ್ಲವೆಂದವರು ನಮ್ಮ ಕಡೆ ಯಾರೂ ಇಲ್ಲ. ಥರ್ಮಾಸಿಗೆ ಒಂದು ಕೈ ಬೇಕು, ಲೋಟಕ್ಕೆ ಇನ್ನೊಂದು. ಚೀಲ ನೆಲಕ್ಕೆ ಇಳಿಯಿತು. ಬಸುರಿ ಕುಡಿದು, ದೇವರು ಒಳ್ಳೇದು ಮಾಡಲಿ ಎಂದು ಹೋದಳು. ಬಗ್ಗಿ ನೋಡಿದರೆ ಚೀಲವಿಲ್ಲ, ಮರಗೆಣಸೂ ಇಲ್ಲ.

ಮನೆಗೆ ಬಂದವಳು ಕೂರಲಿಲ್ಲ, ಅಳಲಿಲ್ಲ. ಪೆರ್ಲಾ ಅವರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಬ್ಬರೂ ಸೇರಿ ಕಚೇರಿಯ ಈಮೇಲು, ಬ್ಯಾಂಕು ಎಲ್ಲದರ ಪಾಸ್‌ವರ್ಡುಗಳನ್ನು ಬದಲಾಯಿಸಿದರು. ಡಿಸ್ಕಿಗೆ ಬೀಗ ಇದೆ, ಯಂತ್ರ ಆರಿಸಿತ್ತು, ಕಳ್ಳರು ಅದನ್ನು ತಲೆಕೆಳಗು ಮಾಡಿ ಕೊಡವಿದರೂ ಒಂದು ವಿಳಾಸ ಉದುರುವುದಿಲ್ಲ ಎಂದು ಪೆರ್ಲಾ ಸಮಾಧಾನ ಹೇಳಿದರು. ಇನ್ನೊಂದು ಮನೆಯಲ್ಲಿಟ್ಟ ಪ್ರತಿಯಲ್ಲಿ ಎಲ್ಲ ಹೆಂಗಸರ ಕಾಗದಪತ್ರವೂ ಸರಿಯಾಗಿತ್ತು. ಹಿಂದಿನ ದಿನವಷ್ಟೇ ದಾಖಲಾದ ನಿಮಿಯಾಳ ಹೇಳಿಕೆ ಮಾತ್ರ ಅದರಲ್ಲಿ ಇರಲಿಲ್ಲ. ಊರಿಗೆ ಬಂದ ಕೂಡಲೇ ಪ್ರತಿ ಮಾಡೋಣ ಎಂದುಕೊಂಡು ತರುತ್ತಿದ್ದಳು.

ಅವಳು ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು. "ಒಂದು ಗುಟುಕು ಕೇಳಿದ್ಲು ಅಂತ ಕೊಟ್ಟೆ ಕಣೇ, ಲಿಬ್ರಾ," ಎಂದಳು. ಬೈಯಲು ಹೊರಟವಳು ಒಂದು ಬಟ್ಟಲು ಸಾರು ಕೊಟ್ಟೆ.

ಎರಡು ದಿನ ಕಳೆದಿರಬೇಕು, ಒಬ್ಬ ಮನುಷ್ಯ ನಮ್ಮ ಗೇಟಿಗೆ ಬಂದು ಮನೆಯವರನ್ನು ಕರೆಯಲು ಚಪ್ಪಾಳೆ ತಟ್ಟಿದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಬಾಯಿ ತುಂಬ ಅಮ್ಮಾ ಅಮ್ಮಾ. ಹೆಸರು ಓಸ್ವಾಲ್ದೋ ಎಂದ. ಕಂಕುಳಲ್ಲಿ ನಮ್ಮ ಲ್ಯಾಪ್‌ಟಾಪು! ನಿಲ್ದಾಣದ ಹಿಂದಿನ ಕಸದ ಹತ್ತಿರ ಬಿದ್ದಿತ್ತು, ಪಾಪ ಯಾರದೋ, ಅದಕ್ಕೆ ಹುಡುಕಿಕೊಂಡು ತಂದೆ ಎಂದ. ನನಗೆ ಖುಷಿಯಲ್ಲಿ ಕಣ್ಣಲ್ಲಿ ನೀರೇ ಬಂತು. ಈ ಪುಣ್ಯಾತ್ಮನಿಗೆ ಒಂದು ಕೋಳಿಯನ್ನಾದರೂ ಬೇಯಿಸಿ ಹಾಕೋಣ ಎಂದುಕೊಂಡು ಸುನಿಲ್ದಾಳ ಮುಖ ನೋಡಿದೆ. ಅವಳು ಯಂತ್ರವನ್ನು ನೋಡುತ್ತಲೇ ಇರಲಿಲ್ಲ, ಗೇಟನ್ನು ನೋಡುತ್ತಿದ್ದಳು. ಆಗ ನನಗೂ ಹೊಳೆಯಿತು. ಯಂತ್ರದ ಮೇಲೆ ವಿಳಾಸವಿಲ್ಲ, ಮನೆಗೆ ಬೋರ್ಡಿಲ್ಲ. ಇವನು ಇಲ್ಲಿಗೇ ಹೇಗೆ ಬಂದ?

ಪೆರ್ಲಾ ಅವರು ಅವತ್ತು ರಾಜಧಾನಿಯಲ್ಲಿದ್ದರು. ಮನೆಯಲ್ಲಿ ನಾವಿಬ್ಬರೇ.

ಸುನಿಲ್ದಾ ಮೊರದಗಲ ನಗುತ್ತ, ಬನ್ನಿ ಸಾಹೇಬರೇ, ಬಿಸಿಲಲ್ಲಿ ಬಂದಿದ್ದೀರಿ ಎಂದು ಜಗಲಿಯ ಮೇಲೆ ಕುರ್ಚಿ ಹಾಕಿದಳು. ಥರ್ಮಾಸು ತಂದಳು, ಲೋಟ ತಂದಳು. ಅವನು ಮೊದಲ ಸರದಿ ಕುಡಿದು, ಒಮ್ಮೆ ತೆರೆದು ನೋಡಿಬಿಡಿ ಅಮ್ಮಾ, ಎಲ್ಲ ಸರಿ ಇದೆಯಾ ಗೊತ್ತಾದರೆ ನನಗೂ ಸಮಾಧಾನ ಎಂದ.

"ಆಂ?" ಎಂದಳು ಸುನಿಲ್ದಾ. ಅಂಗೈಯನ್ನು ಕಿವಿಗೆ ಅಡ್ಡ ಹಿಡಿದಳು.

ಅವನು ಗಟ್ಟಿಯಾಗಿ ಹೇಳಿದ. ಇವಳು ಲೋಟ ತುಂಬಿ ಕೈಗಿಟ್ಟಳು. ಕೊಳವೆ ಬಾಯಲ್ಲಿಟ್ಟುಕೊಂಡವನು ಮಾತಾಡುವಂತಿಲ್ಲ, ಕೊಟ್ಟದ್ದನ್ನು ಕುಡಿಯದೆ ಕೈಯಲ್ಲಿ ಹಿಡಿದು ಕೂರುವಂತೆಯೂ ಇಲ್ಲ. ಕುಡಿದು ಮುಗಿಸಿ, ಯಾರ ಯಂತ್ರ ಅಂತಾದರೂ ನೋಡಿ ಎಂದ. ಇದು ನಮ್ಮದು ಹೌದೋ ಅಲ್ಲವೋ ನನಗೆ ತಿಳಿಯದು, ನಾನು ಮನೆ ನೋಡಿಕೊಳ್ಳುವವಳು, ನೀವು ಬಿಟ್ಟು ಹೋದರೆ ಯಜಮಾನಿ ಬಂದಾಗ ಕೇಳುತ್ತೇನೆ ಎಂದಳು. ಮತ್ತೆ ಲೋಟ. ಯಜಮಾನಿ ಎಲ್ಲಿ, ಎಷ್ಟೊತ್ತಿಗೆ ಬರುತ್ತಾರೆ ಎಂದ. ಮತ್ತೆ "ಆಂ?", ಮತ್ತೆ ಲೋಟ. ನಾನು ಒಳಗಿನಿಂದ ಐಸು ತಂದು ಥರ್ಮಾಸು ತುಂಬುತ್ತಲೇ ಇದ್ದೆ. ಆ ಮನುಷ್ಯನ ಹೊಟ್ಟೆಯಲ್ಲಿ ಒಂದು ಕೊಡ ನೀರಾದರೂ ಸೇರಿರಬೇಕು.

ತೆರೆರೆಯ ಸರದಿಯಿಂದ ಏಳುವುದಕ್ಕೆ ದಾರಿ ಒಂದೇ. "ಗ್ರಾಸಿಯಾಸ್" ಎಂದು, ಅಂದರೆ ಉಪಕಾರವಾಯಿತು ಎಂದು, ಲೋಟ ಹಿಂದಿರುಗಿಸಬೇಕು. ಹಾಗೆಂದ ಮೇಲೆ ಲೋಟ ನಿಮ್ಮ ಕಡೆ ಬರುವುದಿಲ್ಲ, ಕೂತು ಮಾಡುವುದೂ ಏನೂ ಇರುವುದಿಲ್ಲ. ಕೊನೆಗೆ ಅವನು ತುಟಿ ಬಿಗಿಹಿಡಿದು ಆ ಮಾತು ಆಡಿ, ಯಂತ್ರವನ್ನು ಜಗಲಿಯ ಮೇಲೇ ಬಿಟ್ಟು ಎದ್ದ. ಸುನಿಲ್ದಾ ಒಂದೇ ಸಲಕ್ಕೆ ಕೇಳಿಸಿಕೊಂಡಳು. ಗೇಟಿನವರೆಗೆ ಜೊತೆಗೆ ಹೋಗಿ, ದೇವರು ಒಳ್ಳೇದು ಮಾಡಲಿ ಎಂದು ಬೀಳ್ಕೊಟ್ಟು ಬಂದಳು.

ಅವನನ್ನು ಕಳಿಸಿದ್ದು ದೆರ್ಲಿಸ್ಸೋ ಬೇರೆ ಯಾವ ಗಂಡನೋ ನಮಗೆ ಇವತ್ತಿಗೂ ಗೊತ್ತಿಲ್ಲ. ನಿಜವಾಗಿ ಒಳ್ಳೆಯವನೇ ಇದ್ದಿದ್ದರೆ ಆ ಪಾಪ ನಮಗಿರಲಿ.

ಪೆರ್ಲಾ ಅವರು ಬಂದ ಮೇಲೆ ಯಂತ್ರ ಮೇಜಿನ ಮೇಲಿತ್ತು, ಮೂವರೂ ಅದರ ಸುತ್ತ ಕೂತಿದ್ದೆವು. ನಿಮಿಯಾಳ ಮಾತೆಲ್ಲ ಅದರೊಳಗೇ ಇದೆ. ಬೀಗದ ಮಾತು ಹೊಡೆದರೆ ಸಿಗುತ್ತದೆ. ಕೋರ್ಟಿನ ತಾರೀಕು ಮುಂದಿನ ವಾರ. ಆದರೆ ಅವರು ಒಳಗೆ ಏನಾದರೂ ಕೂರಿಸಿದ್ದರೆ, ಹೊಡೆದ ಮಾತು ಅವರಿಗೂ ಹೋಗುತ್ತದೆ, ಅದರ ಹಿಂದೆಯೇ ಎಲ್ಲ ಹೆಂಗಸರ ವಿಳಾಸಗಳೂ ಹೋಗುತ್ತವೆ. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕೋಣವೆಂದರೆ, ಕೂರಿಸಿದ್ದು ಆ ಡಿಸ್ಕಿನಲ್ಲೇ ಇರಬಹುದು. ಏನೂ ಕೂರಿಸಿರಲಿಕ್ಕಿಲ್ಲ, ಬರಿದೆ ಹೆದರುತ್ತಿದ್ದೇವೆ ಎಂದು ನಾನೇ ಅಂದೆ. ಇರಬಹುದು ಎಂದರು ಪೆರ್ಲಾ. ಯಾರ ಕೈಯೂ ಯಂತ್ರದ ಕಡೆ ಹೋಗಲಿಲ್ಲ. ಹಾಗಾದರೆ ಅವಳನ್ನೇ ಮತ್ತೆ ಕೇಳಬೇಕು, ಕಳೆದವಳು ನಾನು, ಕೇಳುವವಳೂ ನಾನೇ ಎಂದಳು ಸುನಿಲ್ದಾ. ನೀನೂ ಬಾರೇ ಎಂದು ನನ್ನನ್ನು ಕರೆದಳು. ಅಷ್ಟು ವರ್ಷದಲ್ಲಿ ಅವಳು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

ವಿಧವೆಯ ಮನೆಯ ಹಿತ್ತಲಲ್ಲಿ ನಿಮಿಯಾ ಗಿಣ್ಣು ಸೋಸುವ ಬಟ್ಟೆ ಒಗೆದು ಹಿಂಡುತ್ತಿದ್ದಳು. ಮಕ್ಕಳು ಮಾವಿನ ಮರದ ಕೆಳಗೆ ಆಡುತ್ತಿದ್ದವು. ನಮ್ಮನ್ನು ನೋಡಿ ಅವಳ ಮುಖದ ಬಣ್ಣ ಇಳಿಯಿತು. ಸುನಿಲ್ದಾ ಸುತ್ತು ಬಳಸಲಿಲ್ಲ. ನಿಲ್ದಾಣದಲ್ಲಿ ಚೀಲ ಕೆಳಗಿಟ್ಟದ್ದು, ಯಂತ್ರ ಕಳುವಾದದ್ದು, ಅದು ಮರಳಿ ಬಂದದ್ದು, ಎಲ್ಲವನ್ನೂ ಹೇಳಿದಳು. ತಪ್ಪು ತನ್ನದು ಎಂದಳು. ಯಂತ್ರ ತೆರೆಯಲು ಭಯವಿದೆ, ತೆರೆದರೆ ನೀನು ಹೇಳಿದ್ದು ಸಿಗುತ್ತದೆ, ಆದರೆ ನೀನು ಇರುವ ಈ ಮನೆಯೂ ಅವರಿಗೆ ಸಿಗಬಹುದು ಎಂದಳು.

ನಿಮಿಯಾ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರೇ ಉಳಿದಿರಲಿಲ್ಲ. "ಇನ್ನೊಂದು ಸಲ ಆಗಲ್ಲ ಅಂತ ಅವತ್ತೇ ಹೇಳಿದ್ನಲ್ಲ ಅಮ್ಮ," ಎಂದಳು. ಸಿಟ್ಟಿರಲಿಲ್ಲ, ಸುಸ್ತಾದ ದನಿ. "ನನ್ನ ಮಾತನ್ನೇ ನನಗೆ ಸಿಗದ ಹಾಗೆ ಬೀಗ ಹಾಕಿಬಿಟ್ರಲ್ಲ."

ಸುನಿಲ್ದಾ ತಲೆ ತಗ್ಗಿಸಿದಳು. ನನಗೆ ನನ್ನ ಗೆಳತಿಯನ್ನು ಆ ಸ್ಥಿತಿಯಲ್ಲಿ ನೋಡಲಾಗಲಿಲ್ಲ, ಆ ಹುಡುಗಿಯ ಮುಖವನ್ನೂ ನೋಡಲಾಗಲಿಲ್ಲ. ಮಕ್ಕಳ ಕಡೆ ನೋಡುತ್ತ ನಿಂತೆ.

ನಿಮಿಯಾ ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಕೇಳಿದಳು. "ಅವನು ಕೇಳಿದ್ನಾ? ನಾನು ಹೇಳಿದ್ದನ್ನ?"

"ಇಲ್ಲಮ್ಮ. ಅವನೂ ಕೇಳಿಲ್ಲ, ಯಾರೂ ಕೇಳಿಲ್ಲ. ನನ್ನ ಹೊರತು ಇನ್ನೊಂದು ಕಿವಿಗೆ ಬಿದ್ದಿಲ್ಲ."

"ನಿಜವಾಗ್ಲೂ?"

"ನನ್ನ ಮಗಳಾಣೆಗೂ."

ನಿಮಿಯಾ ಬಟ್ಟೆಯನ್ನು ತಂತಿಯ ಮೇಲೆ ಹರವಿದಳು. ಮಕ್ಕಳನ್ನು ಕರೆದು, ಈ ಲಿಬ್ರಾದಾ ಅಜ್ಜಿಯ ಹತ್ತಿರ ಚಿಪಾ ಇರಬೇಕು, ಇಸ್ಕೊಂಡು ತಿನ್ನಿ ಎಂದಳು. ಇತ್ತು, ಬುಟ್ಟಿ ತುಂಬ ಒಯ್ದಿದ್ದೆ. ಆಮೇಲೆ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತಳು. ಕಿಟಕಿ ತೆರೆದಿತ್ತು, ಅಂಗಳದಲ್ಲಿದ್ದ ನನಗೆ ಕಾಣುತ್ತಿತ್ತು. ಅವಳ ಮುಖ ಈ ಸಲ ಗೋಡೆಯ ಕಡೆ ಇರಲಿಲ್ಲ. ಸುನಿಲ್ದಾ ಪೆರ್ಲಾ ಅವರು ಕೊಡಿಸಿದ ಹೊಸ ಯಂತ್ರವನ್ನು ತೆರೆದು, ಬೀಗದ ಮಾತು ಹೊಡೆದು, ಯಾವಾಗ ಬೇಕಾದರೂ ನಿಲ್ಲಿಸಬಹುದು ಮಗಳೇ ಎಂದಳು.

"ಅವತ್ತು ಹೆದರಿ ಹೇಳಿದ್ದೆ," ಎಂದಳು ನಿಮಿಯಾ. ಅಂಗಳಕ್ಕೂ ಕೇಳಿಸುವಷ್ಟು ಗಟ್ಟಿ ದನಿ. "ದೊಡ್ಡವಳಿಗೆ ಅವನು ಮಾಡಿದ್ದನ್ನ ಹೇಳ್ದೇ ಬಿಟ್ಟಿದ್ದೆ. ಈಗ ಅದರಿಂದಲೇ ಶುರು ಮಾಡ್ತೀನಿ, ಬರ್ಕೊಳ್ಳಿ."

ನಾನು ಎರಡೂ ಮಕ್ಕಳನ್ನು ಕೈಹಿಡಿದು ಮಾವಿನ ಮರದಾಚೆ, ದೂರ ಕರೆದುಕೊಂಡು ಹೋದೆ.